ತೊಗಲಿನ ಹೊತ್ತಗೆ, ಓಲೆಯ ಹೊತ್ತಗೆ

ಪುಸ್ತಕವನ್ನು ಓದುವುದೆಂದರೆ ಅದರಲ್ಲಿರುವ ಅಕ್ಷರಗಳನ್ನು ಓದುವುದು ಎಂದೇ ನಾವೆಲ್ಲ ತಿಳಿದಿದ್ದೇವೆ. ಅಚ್ಚಿನ ಪುಸ್ತಕದ ಮಟ್ಟಿಗೆ ಈ ತಿಳಿವಳಿಕೆ ಸರಿ. ಒಂದೇ ಅಚ್ಚಿನಿಂದ ಸಾವಿರ ಪ್ರತಿಗಳು ಹೊರಬರುತ್ತವೆ. ನಮ್ಮ ಕೈಯಲ್ಲಿರುವ ಪ್ರತಿಗೂ ಪಕ್ಕದ ಮನೆಯವರ ಪ್ರತಿಗೂ ವ್ಯತ್ಯಾಸವಿಲ್ಲ. ಆದರೆ ಅಚ್ಚಿನ ಯಂತ್ರ ಬರುವುದಕ್ಕೆ ಮೊದಲು ಕೈಯಿಂದ ಬರೆದ ಪುಸ್ತಕಗಳ ಸಂಗತಿ ಬೇರೆ. ಅಂಥ ಪುಸ್ತಕ ಜಗತ್ತಿನಲ್ಲಿ ಒಂದೇ ಇರುತ್ತದೆ. ಅದರ ಅಕ್ಷರಗಳು ಒಂದು ಮಾತನ್ನು ಹೇಳಿದರೆ, ಅದರ ಮೈ, ಎಂದರೆ ಅದರ ಹಾಳೆ, ದಾರ, ತೂತು, ಕಲೆ, ಅಂಚು ಇವುಗಳು ಇನ್ನೊಂದು ಮಾತನ್ನು ಹೇಳುತ್ತವೆ. ಈ ಎರಡನೆಯ ಮಾತನ್ನು ಕೇಳುವ ಬಗೆ ಹೇಗೆಂಬುದನ್ನು ಇಲ್ಲಿ ಎರಡು ಪುಸ್ತಕಗಳ ಮೂಲಕ ತಿಳಿಯಲು ಯತ್ನಿಸೋಣ. ಒಂದು ಯೂರೋಪಿನ ಲ್ಯಾಟಿನ್ ಪ್ರಾರ್ಥನಾ ಪುಸ್ತಕ. ಮತ್ತೊಂದು ಕನ್ನಡ ನಾಡಿನ ಓಲೆಯ ಗ್ರಂಥ.

ಲ್ಯಾಟಿನ್ನಿಗೂ ನಮಗೂ ಏನು ಸಂಬಂಧವೆಂದು ವಿದ್ಯಾರ್ಥಿಗಳು ಕೇಳಬಹುದು. ಮದುರೆಗೆ ೧೬೦೬ರಲ್ಲಿ ಬಂದ ರಾಬರ್ಟ್ ಡಿ ನೊಬಿಲಿ, ಅವರ ಅನಂತರ ಬಂದು ವೀರಮಾಮುನಿವರೆಂದು ಹೆಸರಾದ ಬೆಸ್ಕಿ, ಇವರೆಲ್ಲ ಲ್ಯಾಟಿನ್ನಿನಲ್ಲಿ ಪೂಜೆ ಮಾಡಿ ತಮಿಳಿನಲ್ಲಿ ಗ್ರಂಥ ಬರೆದವರು. ೧೯೬೦ರ ದಶಕದವರೆಗೂ ಕಥೋಲಿಕ ಇಗರ್ಜಿಗಳಲ್ಲಿ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್ನಿನಲ್ಲಿಯೇ. ನಮ್ಮ ಕಂಬಂ ಕಣಿವೆಯ ಇಗರ್ಜಿಗಳಿಗೂ ಈ ಮಾತು ಸಲ್ಲುತ್ತದೆ. ಅರ್ಥ ತಿಳಿಯದಿದ್ದರೂ ಕಿವಿಗೆ ಪರಿಚಿತವಾದ ಭಾಷೆ ಅದು. ನಮ್ಮಲ್ಲಿ ಮದುವೆಯ ಮಂತ್ರದ ಸಂಸ್ಕೃತ ಇದ್ದ ಹಾಗೆ.

ನಾವು ಆರಿಸಿಕೊಂಡ ಲ್ಯಾಟಿನ್ ಪುಸ್ತಕ ಫ್ರಾನ್ಸಿನ ರಾಣಿ ಜಾನ್ ದ ಎವ್ರೂ ಎಂಬವಳದು. ಸುಮಾರು ೧೩೨೪ರಿಂದ ೧೩೨೮ರ ಒಳಗೆ ಪ್ಯಾರಿಸ್ ನಗರದಲ್ಲಿ ಜಾನ್ ಪ್ಯುಸೆಲ್ ಎಂಬ ಚಿತ್ರಕಾರ ಇದಕ್ಕೆ ಚಿತ್ರ ಬರೆದ. ಇಂದು ಇದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲಿದೆ. ಇಂಥ ಪುಸ್ತಕಗಳಿಗೆ ‘ಹೊತ್ತುಗಳ ಪುಸ್ತಕ’ ಎಂಬ ಅರ್ಥದ ಹೆಸರಿತ್ತು. ಹಗಲಿರುಳನ್ನು ಎಂಟು ಪ್ರಾರ್ಥನೆಯ ಹೊತ್ತುಗಳಾಗಿ ಹಂಚಿ, ಒಂದೊಂದು ಹೊತ್ತಿಗೂ ಇಂತಿಷ್ಟು ಪ್ರಾರ್ಥನೆಯೆಂದು ಅದರಲ್ಲಿ ಬರೆದಿರುತ್ತಿತ್ತು. ನಮ್ಮ ಹಿರಿಯರು ಹೇಳುತ್ತಿದ್ದ ಅಷ್ಟಯಾಮಗಳು ನೆನಪಿಗೆ ಬಂದರೆ ಆಶ್ಚರ್ಯವಿಲ್ಲ.

ರಾಣಿಯ ಪುಸ್ತಕವೆಂದರೆ ದೊಡ್ಡ ಗ್ರಂಥವೆಂದು ಭಾವಿಸಬೇಡಿ. ಅದರ ಎತ್ತರ ಸುಮಾರು ೯ ಸೆಂಟಿಮೀಟರು, ಅಗಲ ಸುಮಾರು ೬ ಸೆಂಟಿಮೀಟರು, ಅಂಗೈಯಲ್ಲಿ ಮುಚ್ಚಿಡಬಹುದು. ಇಷ್ಟರೊಳಗೆ ೨೦೯ ಹಾಳೆಗಳು, ೨೫ ಪೂರ್ಣಪುಟದ ಚಿತ್ರಗಳು, ಅಂಚುಗಳಲ್ಲಿ ಸುಮಾರು ೭೦೦ ಕಿರುಚಿತ್ರಗಳು. ಈ ಅಳತೆಯೇ ಒಂದು ಸಂಗತಿಯನ್ನು ಹೇಳುತ್ತದೆ. ಇದು ಇಗರ್ಜಿಯ ಪೀಠದ ಮೇಲಿಟ್ಟು ಹತ್ತು ಜನಕ್ಕೆ ಓದಿ ಹೇಳುವ ಪುಸ್ತಕವಲ್ಲ. ಒಬ್ಬಳೇ ಕುಳಿತು ಮುಖದ ಹತ್ತಿರ ಹಿಡಿದು ಓದುವ ಪುಸ್ತಕ.

ಈ ಹಾಳೆಗಳು ಕಾಗದದವಲ್ಲ, ತೊಗಲಿನವು. ಕರು, ಕುರಿ ಅಥವಾ ಮೇಕೆಯ ತೊಗಲನ್ನು ಸುಣ್ಣದ ನೀರಿನಲ್ಲಿ ಹಲವು ದಿನ ನೆನೆಹಾಕಿ, ಕೂದಲು ಕೆರೆದು ತೆಗೆದು, ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟುತ್ತಿದ್ದರು. ಹಸಿ ತೊಗಲಿಗೆ ಹಗ್ಗ ನೇರವಾಗಿ ಕಟ್ಟಿದರೆ ಹರಿಯುತ್ತದೆ. ಆದ್ದರಿಂದ ತೊಗಲಿನ ಅಂಚಿನಲ್ಲಿ ಒಂದು ಬೆಣಚುಕಲ್ಲನ್ನಿಟ್ಟು ಮಡಿಸಿ, ಆ ಗಂಟಿಗೆ ಹಗ್ಗ ಸುತ್ತುತ್ತಿದ್ದರು. ಚೌಕಟ್ಟಿನಲ್ಲಿ ಒಣಗುತ್ತಿರುವಾಗಲೇ ಅರ್ಧಚಂದ್ರಾಕಾರದ ಕತ್ತಿಯಿಂದ ಮತ್ತೆ ಮತ್ತೆ ಹೆರೆದು ತೆಳ್ಳಗೆ ಮಾಡುತ್ತಿದ್ದರು. ಚಪ್ಪಲಿಯ ತೊಗಲಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಚಪ್ಪಲಿಯ ತೊಗಲನ್ನು ತಂಗಡಿ ಮೊದಲಾದ ತೊಗಟೆಗಳಿಂದ ಹದಮಾಡುತ್ತಾರೆ. ಚರ್ಮಪತ್ರಕ್ಕೆ ಈ ಹದವಿಲ್ಲ. ಬಿಗಿದು ಒಣಗಿಸಿದ್ದರಿಂದಲೇ ಅದಕ್ಕೆ ಬಿಳುಪೂ ಗಡಸುತನವೂ ಬರುತ್ತವೆ. ನಮ್ಮ ಊರಿನ ತಮಟೆಗೆ ಹೊದಿಸುವ ತೊಗಲು ಇದಕ್ಕೆ ಹತ್ತಿರದ ನೆಂಟ.

ಹೀಗೆ ಸಿದ್ಧವಾದ ಹಾಳೆಗೆ ಎರಡು ಮುಖ. ಕೂದಲಿದ್ದ ಮುಖ ತುಸು ಹಳದಿ, ಹತ್ತಿರದಿಂದ ನೋಡಿದರೆ ಕೂದಲ ಬುಡದ ಚುಕ್ಕೆಗಳು ಕಾಣುತ್ತವೆ. ಮಾಂಸದ ಕಡೆಯ ಮುಖ ಬೆಳ್ಳಗೆ. ಪುಸ್ತಕ ಬಿಚ್ಚಿದಾಗ ಒಂದು ಪುಟ ಹಳದಿಯೂ ಎದುರಿನ ಪುಟ ಬಿಳಿಯೂ ಆಗದಂತೆ, ಹಳದಿಗೆ ಹಳದಿ, ಬಿಳಿಗೆ ಬಿಳಿ ಎದುರಾಗುವ ಹಾಗೆ ಮಡಿಸಿ ಜೋಡಿಸುವುದು ಪದ್ಧತಿಯಾಗಿತ್ತು. ಸಾಮಾನ್ಯವಾಗಿ ನಾಲ್ಕು ಹಾಳೆಗಳನ್ನು ನಡುವೆ ಮಡಿಸಿದರೆ ಎಂಟು ಎಲೆ, ಹದಿನಾರು ಪುಟ. ಇದು ಒಂದು ಕಂತೆ. ನೀವು ಬರೆಯುವ ನೋಟ್‌ಪುಸ್ತಕದ ನಡುವಿನ ಪಿನ್ನನ್ನು ನೋಡಿ, ಅದೇ ಉಪಾಯ. ಇಂಥ ಹಲವು ಕಂತೆಗಳನ್ನು ಹೊಲಿದು ಮರದ ಹಲಗೆಗಳ ನಡುವೆ ಕಟ್ಟಿದರೆ ಪುಸ್ತಕ. ಈಗ, ಬಿಳಿ ಮುಖದ ಎದುರು ಥಟ್ಟನೆ ಹಳದಿ ಮುಖ ಬಂದರೆ ಏನರ್ಥ? ಅಲ್ಲಿ ಒಂದು ಎಲೆಯನ್ನು ಯಾರೋ ಕಿತ್ತಿರಬೇಕು, ಇಲ್ಲವೇ ಆಮೇಲೆ ಸೇರಿಸಿರಬೇಕು. ಲ್ಯಾಟಿನ್ ಒಂದಕ್ಷರ ಬಾರದವನೂ ಈ ಕಳವನ್ನು ಪತ್ತೆ ಮಾಡಬಲ್ಲ!

ಮಸಿಯ ವಿಷಯವನ್ನು ಕೇಳಿದರೆ ಮನೆಯ ಹಿರಿಯರಿಗೆ ಸಂತೋಷವಾದೀತು. ಆ ಕಾಲದ ಯೂರೋಪಿನ ಮಸಿಗೆ ಬೇಕಾದದ್ದು ಮಾಚಿಕಾಯಿ, ಅನ್ನಭೇದಿ, ಜಾಲಿಯ ಜಾತಿಯ ಮರದ ಅಂಟು ಮತ್ತು ನೀರು. ಮೊದಲ ಎರಡೂ ನಮ್ಮ ನಾಟಿ ಮದ್ದಿನ ಅಂಗಡಿಯಲ್ಲಿ ದೊರೆಯುವ ವಸ್ತುಗಳೇ. ಮಾಚಿಕಾಯಿ ನಿಜವಾಗಿ ಕಾಯಿಯಲ್ಲ. ಓಕ್ ಜಾತಿಯ ಮರದ ಚಿಗುರಿನಲ್ಲಿ ಒಂದು ಸಣ್ಣ ಕಣಜ ಮೊಟ್ಟೆಯಿಟ್ಟಾಗ ಮರ ಬೆಳೆಸುವ ಗಂಟು. ಅದರಲ್ಲಿರುವ ಒಗರಿನ ಅಂಶ ಅನ್ನಭೇದಿಯ ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ. ಬರೆಯುವಾಗ ತೆಳುವಾಗಿದ್ದ ಮಸಿ ಗಾಳಿ ತಾಗಿದಂತೆ ಗಾಢವಾಗುತ್ತದೆ, ತೊಗಲಿನೊಳಗೆ ಕಚ್ಚಿಕೊಳ್ಳುತ್ತದೆ. ಅತಿಯಾಗಿ ಕಚ್ಚಿ, ಶತಮಾನಗಳ ಮೇಲೆ ಅಕ್ಷರವಿದ್ದಲ್ಲಿ ತೂತೇ ಬಿದ್ದದ್ದೂ ಉಂಟು. ನೀಲಿಯ ಬಣ್ಣದಲ್ಲಿ ಶ್ರೇಷ್ಠವಾದದ್ದನ್ನು ಇಂದಿನ ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಗಳ ರಾಜಾವರ್ತ ಕಲ್ಲಿನಿಂದ ತೆಗೆಯುತ್ತಿದ್ದರು. ಚಿನ್ನದ ರೇಕನ್ನು ಅಂಟಿಸಿದ ಮೇಲೆ ನಾಯಿಯ ಹಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದರೆಂದು ಆ ಕಾಲದ ಕೈಪಿಡಿಗಳಲ್ಲಿ ಹೇಳಿದೆ.

ಈಗ ನಮ್ಮ ನಾಡಿಗೆ ಬರೋಣ. ದಕ್ಷಿಣ ಕನ್ನಡ ಜಿಲ್ಲೆಯ ಮೂಡಬಿದಿರೆಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಹೆಸರಿನ ಓಲೆಯ ಗ್ರಂಥಗಳಿವೆ. ಜೈನರಿಗೆ ಇವು ಅತ್ಯಂತ ಪೂಜ್ಯವಾದ ಸಿದ್ಧಾಂತ ಗ್ರಂಥಗಳು. ಧವಲಾ ಎಂಬುದು ವೀರಸೇನಾಚಾರ್ಯರು ೯ನೆಯ ಶತಮಾನದಲ್ಲಿ ಬರೆದು ಮುಗಿಸಿದ ಟೀಕೆ. ನಾವು ಹೇಳುತ್ತಿರುವ ಓಲೆಯ ಪ್ರತಿ ೧೨ನೆಯ ಶತಮಾನದ ಮೊದಲ ಭಾಗದ್ದು, ಎಂದರೆ ಹೊಯ್ಸಳರ ವಿಷ್ಣುವರ್ಧನನ ಕಾಲದ್ದು. ರಾಣಿ ಜಾನಳ ಪುಸ್ತಕಕ್ಕಿಂತ ಸುಮಾರು ಇನ್ನೂರು ವರ್ಷ ಹಿಂದಿನದು. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಲಿಪಿ ಮಾತ್ರ ಹಳಗನ್ನಡದ್ದು. ಕೆಲವು ಗರಿಗಳ ಮೇಲೆ ಪಾರ್ಶ್ವನಾಥ, ಬಾಹುಬಲಿ, ಯಕ್ಷಿಯರು, ಕೈಮುಗಿದು ಕುಳಿತ ಭಕ್ತರು ಇವರ ವರ್ಣಚಿತ್ರಗಳಿವೆ. ದಕ್ಷಿಣ ಭಾರತದಲ್ಲಿ ಉಳಿದು ಬಂದಿರುವ ಅತಿ ಹಳೆಯ ಓಲೆಚಿತ್ರಗಳಲ್ಲಿ ಇವೂ ಸೇರುತ್ತವೆ.

ಓಲೆಯೂ ತೊಗಲಿನ ಹಾಗೆಯೇ ಹದವನ್ನು ಬೇಡುತ್ತದೆ. ನಮ್ಮ ತೇಣಿ, ದಿಂಡುಕಲ್ಲು ಕಡೆ ಹೊಲದ ಬದುವಿನಲ್ಲಿ ಕಾಣುವ ಪನೆ ಒಂದು ಜಾತಿಯ ತಾಳೆ. ಕರಾವಳಿಯಲ್ಲೂ ಕೇರಳದಲ್ಲೂ ಬೆಳೆಯುವ ಶ್ರೀತಾಳೆ ಇನ್ನೊಂದು ಜಾತಿ. ಅದರ ಗರಿ ಹೆಚ್ಚು ಅಗಲ, ಹೆಚ್ಚು ಮೃದು, ಹೆಚ್ಚು ಬಾಳಿಕೆಯದು. ಶ್ರೀತಾಳೆ ಹಲವು ದಶಕಗಳ ತನ್ನ ಆಯುಷ್ಯದಲ್ಲಿ ಒಂದೇ ಒಂದು ಸಲ ಹೂಬಿಟ್ಟು ಸಾಯುತ್ತದೆ. ಗರಿಯನ್ನು ಕತ್ತರಿಸಿ, ನಡುವಿನ ಕಡ್ಡಿ ತೆಗೆದು, ನೀರಿನಲ್ಲಿ ಕುದಿಸಿ, ನೆರಳಿನಲ್ಲಿ ಒಣಗಿಸಿ, ನಯವಾದ ಕಲ್ಲು ಅಥವಾ ಚಿಪ್ಪಿನಿಂದ ಉಜ್ಜಿ, ಒಂದೇ ಅಳತೆಗೆ ಕತ್ತರಿಸುತ್ತಿದ್ದರು. ಕುದಿಸುವ ನೀರಿಗೆ ಅರಸಿನ ಹಾಕುವುದೂ ಇತ್ತು, ಹುಳ ಬರದಿರಲೆಂದು. ಸಾಮಾನ್ಯ ಓಲೆಗ್ರಂಥಗಳಲ್ಲಿ ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಆಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲೋ ಸೊಪ್ಪಿನ ರಸದಲ್ಲೋ ಕಲಸಿ ಬಳಿದು ಒರೆಸುತ್ತಿದ್ದರು. ಮೇಲಿನ ಮಸಿ ಹೋಗಿ, ಕೊರೆದ ಗೀರಿನಲ್ಲಿ ಮಾತ್ರ ಕಪ್ಪು ನಿಲ್ಲುತ್ತಿತ್ತು.

ಓಲೆಯ ನಾರು ಉದ್ದಕ್ಕೆ ಹರಿಯುತ್ತದೆ. ಕಂಟದಿಂದ ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುವ ಅಪಾಯವಿದೆ. ಕನ್ನಡದ ಅಕ್ಷರಗಳು ಗುಂಡಗಾದದ್ದು ಈ ಕಾರಣದಿಂದಲೇ ಎಂದು ಅನೇಕರು ಬರೆದಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿದ್ದರೂ ಅದೇ ಪೂರ್ಣ ಕಾರಣವೆಂದು ನಮಗೆ ತೋರುವುದಿಲ್ಲ. ಓಲೆಯ ಮೇಲೆಯೇ ಬರೆದ ತಮಿಳು ಅಕ್ಷರಗಳಲ್ಲಿ ನೇರ ಗೆರೆಗಳು ಉಳಿದುಕೊಂಡಿವೆಯಲ್ಲ! ಆದರೆ ಅದೇ ತಮಿಳಿನಲ್ಲಿ ಅಕ್ಷರದ ತಲೆಯ ಮೇಲೆ ಇಡಬೇಕಾದ ಪುಳ್ಳಿಯನ್ನು ಓಲೆಯ ಮೇಲೆ ಸಾಮಾನ್ಯವಾಗಿ ಬಿಟ್ಟುಬಿಡುತ್ತಿದ್ದರು. ಚುಕ್ಕೆಯಿಟ್ಟರೆ ಗರಿ ತೂತಾಗುವುದೆಂಬ ಭಯ. ಬರೆಯುವ ವಸ್ತುವಿನ ಸ್ವಭಾವ ಅಕ್ಷರದ ಮೇಲೆ ಪರಿಣಾಮ ಮಾಡುತ್ತದೆಂಬುದಕ್ಕೆ ಇಷ್ಟು ಸಾಕು.

ಓಲೆಯನ್ನು ಮಡಿಸಲಾಗದು. ಆದ್ದರಿಂದ ಕಂತೆ, ಹೊಲಿಗೆ, ಬೆನ್ನು ಇದಾವುದೂ ಓಲೆಯ ಪುಸ್ತಕಕ್ಕೆ ಇಲ್ಲ. ಗರಿಗಳಲ್ಲಿ ಒಂದೋ ಎರಡೋ ತೂತು ಮಾಡಿ ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆ ಇಟ್ಟು ಕಟ್ಟುತ್ತಾರೆ. ‘ಗ್ರಂಥ’ ಎಂಬ ಮಾತಿನ ಮೂಲದಲ್ಲಿ ಕಟ್ಟುವ ಅರ್ಥವಿದೆ, ‘ಸೂತ್ರ’ವೆಂದರೆ ದಾರವೇ. (ಕಿವಿಗೆ ಇಡುವ ಓಲೆಯೂ ಸುರುಳಿ ಸುತ್ತಿದ ತಾಳೆಯ ಗರಿಯಿಂದಲೇ ಹೆಸರು ಪಡೆಯಿತು.) ದಾರದ ಉಜ್ಜಾಟಕ್ಕೆ ಅಕ್ಷರ ಅಳಿಸಬಾರದೆಂದು ತೂತಿನ ಸುತ್ತ ಜಾಗ ಬಿಟ್ಟು ಬರೆಯುತ್ತಾರೆ. ಗರಿಯ ಎಡದ ಅಂಚಿನಲ್ಲಿ ಒಂದು ಮುಖಕ್ಕೆ ಮಾತ್ರ ಅಂಕಿ. ಎರಡು ಮುಖಕ್ಕೂ ಸೇರಿ ಒಂದೇ ಅಂಕಿಯೆಂಬುದನ್ನು ನೆನಪಿಡಬೇಕು. ತೊಗಲಿನ ಪುಸ್ತಕವನ್ನು ಎಣಿಸುವ ಕ್ರಮವೂ ಹೀಗೆಯೇ. ದಾರ ಹರಿದರೆ ಓಲೆಯ ಪುಸ್ತಕ ಇಸ್ಪೀಟಿನ ಎಲೆಯಂತೆ ಚೆದರುತ್ತದೆ. ಆಗ ಆ ಅಂಕಿಯೊಂದೇ ದಿಕ್ಕು.

ಒಂದು ವಿಷಯದಲ್ಲಿ ಎರಡಕ್ಕೂ ದೊಡ್ಡ ಭೇದವುಂಟು. ತೊಗಲಿನ ಮೇಲೆ ಬರೆದದ್ದನ್ನು ಕೆರೆದು ಅಳಿಸಿ ಮತ್ತೆ ಬರೆಯಬಹುದು. ೧೨೨೯ರಲ್ಲಿ ಸಿದ್ಧವಾದ ಗ್ರೀಕ್ ಭಾಷೆಯ ಒಂದು ಪ್ರಾರ್ಥನಾ ಪುಸ್ತಕದ ಹಾಳೆಗಳಲ್ಲಿ ಪ್ರಾರ್ಥನೆಯ ಅಡಿಯಲ್ಲಿ ಮಸುಕಾದ ಬೇರೆ ಬರಹ ಇದ್ದುದನ್ನು ೧೯೦೬ರಲ್ಲಿ ಹೈಬರ್ಗ್ ಎಂಬ ಡೆನ್ಮಾರ್ಕಿನ ವಿದ್ವಾಂಸ ಪರಿಶೀಲಿಸಿದಾಗ, ಅದು ಗಣಿತಜ್ಞ ಆರ್ಕಿಮಿಡೀಸನ ಗ್ರಂಥಗಳೆಂದು ತಿಳಿಯಿತು. ಕೊರೆದ ಓಲೆಯಲ್ಲಿ ಹೀಗೆ ಮಾಡಲು ಬರುವುದಿಲ್ಲ. ಗರಿ ಹಳತಾದರೆ ಹೊಸ ಗರಿಗೆ ನಕಲು ಮಾಡುವುದೊಂದೇ ದಾರಿ. ನಮ್ಮ ಹವೆಯಲ್ಲಿ ಮುನ್ನೂರು ನಾನೂರು ವರ್ಷ ಬಾಳುವ ಓಲೆಯೇ ದೀರ್ಘಾಯುಷಿ. ಮೂಡಬಿದಿರೆಯ ಗರಿಗಳು ಒಂಬತ್ತು ಶತಮಾನ ಬಾಳಿರುವುದು ಬಹು ಅಪರೂಪ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ನಾವು ಪಾಠದಲ್ಲಿ ಓದುತ್ತೇವೆ. ಅದು ಬರಿಯ ಔದಾರ್ಯವಲ್ಲ, ಓಲೆಯ ಸ್ವಭಾವವನ್ನು ಬಲ್ಲವಳ ವಿವೇಕವೂ ಹೌದು.

ಧವಲಾದ ಪ್ರತಿಯನ್ನು ಮಾಡಿಸಿದವಳೂ ಒಬ್ಬ ಹೆಂಗಸು. ದೇಮಿಯಕ್ಕ ಎಂಬವಳು ಶ್ರುತಪಂಚಮಿಯ ವ್ರತದ ಉದ್ಯಾಪನೆಗೆ ಇದನ್ನು ಬರೆಸಿ ಬನ್ನಿಕೆರೆಯ ಬಸದಿಯ ಶುಭಚಂದ್ರ ಮುನಿಗಳಿಗೆ ಕೊಟ್ಟಳು. ಮಹಾಧವಲಾದ ಪ್ರತಿಯನ್ನು ಮಾಡಿಸಿದವಳು ಮಲ್ಲಿಕಬ್ಬೆ. ಇದು ನಮಗೆ ಹೇಗೆ ಗೊತ್ತು? ವೀರಸೇನರ ಟೀಕೆಯಲ್ಲಿ ಅವರ ಹೆಸರು ಇರಲಾರದು. ಅವರು ಹುಟ್ಟುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಅದು ಮುಗಿದಿತ್ತು. ಗ್ರಂಥದ ಹೊರಗೆ, ಪ್ರತಿಕಾರರು ಸೇರಿಸಿದ ಪ್ರಶಸ್ತಿಯಲ್ಲಿ ಆ ಹೆಸರುಗಳಿವೆ. ಮತ್ತು ಈ ಪ್ರಶಸ್ತಿಯಲ್ಲಿ ಕನ್ನಡವಿದೆ! ಒಳಗೆ ಶಾಸ್ತ್ರದ ಪ್ರಾಕೃತ. ಕೊಟ್ಟವರು ಯಾರು, ಪಡೆದವರು ಯಾರು, ಏತಕ್ಕಾಗಿ ಎಂದು ಹೇಳುವಲ್ಲಿ ಮನೆಯ ಮಾತು.

ಫ್ರಾನ್ಸಿನ ಪ್ರಾರ್ಥನಾ ಪುಸ್ತಕಗಳಲ್ಲಿಯೂ ಹೀಗೆಯೇ ಇರುವುದನ್ನು ನೋಡಿ ನಾವು ಬೆರಗಾದೆವು. ಪ್ರಾರ್ಥನೆ ಲ್ಯಾಟಿನ್ನಿನಲ್ಲಿರುತ್ತದೆ. ಆದರೆ ಪುಸ್ತಕದ ಆರಂಭದಲ್ಲಿರುವ ಪಂಚಾಂಗ, ‘ಇದನ್ನು ಇಂಥ ಹೊತ್ತಿನಲ್ಲಿ ಹೇಳತಕ್ಕದ್ದು’ ಎಂದು ಕೆಂಪು ಮಸಿಯಲ್ಲಿ ಬರೆದ ಸೂಚನೆ, ಇವು ಎಷ್ಟೋ ಪುಸ್ತಕಗಳಲ್ಲಿ ಫ್ರೆಂಚಿನಲ್ಲಿವೆ. ಪಂಚಾಂಗದಲ್ಲಿ ಯಾವ ಊರಿನ ಸಂತರ ಹಬ್ಬ ಕೆಂಪಿನಲ್ಲಿದೆಯೆಂದು ನೋಡಿದರೆ ಪುಸ್ತಕ ಯಾವ ಊರಿನವರಿಗಾಗಿ ಸಿದ್ಧವಾಯಿತೆಂದು ಊಹಿಸಬಹುದು. ಜಾತ್ರೆಯ ದಿನವನ್ನು ನೋಡಿ ಊರನ್ನು ಹೇಳಿದ ಹಾಗೆ. ಲ್ಯಾಟಿನ್ನಿನಲ್ಲಿ ಸೇವಕ, ಸೇವಕಿ ಎಂಬ ಮಾತುಗಳ ಕೊನೆ ಬೇರೆ ಬೇರೆ. ‘ನಿನ್ನ ಸೇವಕಿಯಾದ ನನಗೆ’ ಎಂದು ಪ್ರಾರ್ಥನೆಯಲ್ಲಿದ್ದರೆ ಪುಸ್ತಕ ಬರೆಸಿಕೊಂಡವರು ಹೆಂಗಸೆಂದು ತಿಳಿಯುವುದು. ಜಾನ್ ರಾಣಿಯ ಪುಸ್ತಕದಲ್ಲಿ ಇಷ್ಟು ಊಹೆಯ ಅಗತ್ಯವೂ ಇಲ್ಲ. ಪ್ರಾರ್ಥನೆಯ ಮೊದಲ ದೊಡ್ಡ ಅಕ್ಷರದ ಹೊಟ್ಟೆಯೊಳಗೆ, ಪುಸ್ತಕ ಹಿಡಿದು ಮೊಣಕಾಲೂರಿದ ರಾಣಿಯನ್ನೇ ಚಿತ್ರಿಸಿದ್ದಾರೆ.

ನಮ್ಮ ಕಾಮಯಗೌಂಡನ್‌ಪಟ್ಟಿಯ ಕಡೆಯ ಮನೆಗಳನ್ನು ನೆನೆದಾಗ ಈ ಸಂಗತಿ ನಮಗೆ ಇನ್ನಷ್ಟು ಹತ್ತಿರವಾಗುತ್ತದೆ. ಇಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಹೊರಗೆ ತಮಿಳು. ಓದುಬರಹ ಬಹುಮಟ್ಟಿಗೆ ತಮಿಳಿನದೇ. ಬರೆಯದ ಮಾತು ಕುರುಹಿಲ್ಲದೆ ಹೋಗುತ್ತದೆಂದು ನಾವು ತಿಳಿಯುತ್ತೇವೆ. ಆದರೆ ಶಾಸ್ತ್ರಕ್ಕೆ ಒಂದು ಭಾಷೆ, ಲಿಪಿಗೆ ಇನ್ನೊಂದು, ಮನೆಗೆ ಮತ್ತೊಂದು ಎಂಬುದು ಹಳೆಯ ಕಾಲದಲ್ಲಿ ಸಾಮಾನ್ಯವೇ ಆಗಿತ್ತು. ಮನೆಯ ಮಾತು ನುಸುಳಿ ಬರುತ್ತಿದ್ದುದು ಅಂಚಿನಲ್ಲಿ, ಕೊನೆಯಲ್ಲಿ, ಹೆಸರುಗಳಲ್ಲಿ. ಆದ್ದರಿಂದಲೇ ಹಳೆಯ ಕಟ್ಟಿನಲ್ಲಿ ಅಂಚನ್ನೂ ಕೊನೆಯ ಗರಿಯನ್ನೂ ಮೊದಲು ನೋಡಬೇಕು ಎನ್ನುವುದು.

ಕೊಳೆಯೂ ಸಾಕ್ಷಿ ಹೇಳುತ್ತದೆಯೆಂದರೆ ನಗಬಾರದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಕ್ಯಾಥ್ರಿನ್ ರೂಡಿ ಎಂಬ ವಿದುಷಿ ೨೦೧೦ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಡೆನ್ಸಿಟೋಮೀಟರ್ ಎಂಬ ಉಪಕರಣದಿಂದ ಪ್ರಾರ್ಥನಾ ಪುಸ್ತಕಗಳ ಪುಟದ ಮೂಲೆಗಳು ಎಷ್ಟು ಕಪ್ಪಾಗಿವೆಯೆಂದು ಅಳೆದರು. ಬೆರಳಿನ ಬೆವರು, ಎಣ್ಣೆ ಹೆಚ್ಚು ತಾಗಿದ ಪುಟ ಹೆಚ್ಚು ಕಪ್ಪು. ಪ್ಲೇಗಿನಿಂದ ಕಾಪಾಡೆಂದು ಸಂತ ಸೆಬಾಸ್ಟಿಯನ್ನನಿಗೆ ಮೊರೆಯಿಡುವ ಪುಟ ಹೀಗೆ ಬಹಳ ಕೊಳೆಯಾಗಿತ್ತು. ಆರುನೂರು ವರ್ಷದ ಹಿಂದೆ ಒಂದು ಮನೆಯವರು ಯಾವುದಕ್ಕೆ ಹೆದರಿದ್ದರೆಂಬುದು ಆ ಮೂಲೆಯ ಕಲೆಯಿಂದ ತಿಳಿದುಬಂತು. ಆ ಪುಸ್ತಕವನ್ನು ಯಾರಾದರೂ ಅಕ್ಕರೆಯಿಂದ ತೊಳೆದು ಶುಭ್ರಮಾಡಿದ್ದರೆ?

ಧವಲಾ ಗ್ರಂಥ ಈಗ ಮುದ್ರಣದಲ್ಲಿ ದೊರೆಯುತ್ತದೆ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ೧೯೩೯ರಲ್ಲಿ, ಹದಿನಾರನೆಯದು ೧೯೫೮ರಲ್ಲಿ ಹೊರಬಂದವು. ಮುದ್ರಣದ ಲಿಪಿ ನಾಗರಿ. ಶಾಸ್ತ್ರವನ್ನು ಓದುವವರಿಗೆ ಅದೇ ಸಾಕು, ಮತ್ತು ಅದೊಂದು ಮಹತ್ತರವಾದ ಕೆಲಸ. ಆದರೆ ಹಳಗನ್ನಡದ ಅಕ್ಷರದ ತಿರುವು, ತೂತಿನ ಸುತ್ತ ಬಿಟ್ಟ ಜಾಗ, ಚಿತ್ರದ ಬಣ್ಣ ಇವುಗಳಿಗೆ ಮೂಡಬಿದಿರೆಯ ಗರಿಗಳೇ ಗತಿ. ಅದಕ್ಕೇ ಅಚ್ಚಾದ ಮೇಲೂ ಓಲೆಯನ್ನು ಕಾಪಾಡುತ್ತಾರೆ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಸುತ್ತಿ ಪೂಜಿಸುವುದು ಜೈನರ ಪದ್ಧತಿ. ಪೂಜೆಯ ಹೆಸರಿನಲ್ಲಿ ವರ್ಷಕ್ಕೊಮ್ಮೆ ಗಾಳಿಯಾಡಿಸಿದಂತಾಯಿತು. ಹುಳಕ್ಕೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ.

ಎಲ್ಲ ಕಡೆಯೂ ಇಂಥ ಭಾಗ್ಯವಿರಲಿಲ್ಲ. ತಮಿಳುನಾಡಿನಲ್ಲಿ ಹಳೆಯ ಓಲೆಗಳನ್ನು ಆಡಿ ಹದಿನೆಂಟರ ಹಬ್ಬದಲ್ಲಿ ಹೊಳೆಗೆ ಬಿಡುತ್ತಿದ್ದುದನ್ನೂ, ತೆಂಕಣದ ಒಂದು ದೇವಾಲಯದಲ್ಲಿ ತುಪ್ಪದಲ್ಲಿ ಅದ್ದಿ ಹೋಮ ಮಾಡಿದ್ದನ್ನೂ ಉ. ವೇ. ಸ್ವಾಮಿನಾಥ ಅಯ್ಯರ್ ನೊಂದು ಬರೆದಿದ್ದಾರೆ. ಮಾಡಿದವರು ದುಷ್ಟರಲ್ಲ, ದೇವರ ಅಕ್ಷರ ಕಾಲಿಗೆ ಸಿಗಬಾರದೆಂಬ ಭಕ್ತಿಯಿಂದಲೇ ಮಾಡಿದರು. ಇನ್ನೊಂದು ಕಡೆ ನೋಡಿ: ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಂದು ಓಲೆಯ ಕಟ್ಟನ್ನು ಒಪ್ಪಿಸಿದರು. ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ಕೌಟಿಲ್ಯನ ಅರ್ಥಶಾಸ್ತ್ರವೆಂದು ಕಂಡುಕೊಂಡು ೧೯೦೯ರಲ್ಲಿ ಅಚ್ಚು ಹಾಕಿಸಿದರು. ಆ ಕಟ್ಟು ಹೊಳೆಗೆ ಹೋಗಿದ್ದರೆ!

ತಾಯಿತಂದೆಗಳಲ್ಲಿ ಯಾರ ಮನೆಯ ಅಟ್ಟದಲ್ಲಾದರೂ, ಪೆಟ್ಟಿಗೆಯಲ್ಲಾದರೂ ಓಲೆಯ ಕಟ್ಟು ಇದ್ದರೆ ಕೆಲವು ಎಚ್ಚರಿಕೆ ಅವಶ್ಯ. ನೀರಿನಿಂದ ಒರೆಸಬಾರದು. ಅಡಿಗೆಯ ಎಣ್ಣೆ ಸವರಬಾರದು. ಗ್ರಂಥಾಲಯಗಳಲ್ಲಿ ಬಳಸುವುದು ನಿಂಬೆಹುಲ್ಲಿನ ಎಣ್ಣೆ, ಅದನ್ನೂ ಬಲ್ಲವರೇ ಸವರಬೇಕು. ಗರಿಗಳು ಅಂಟಿಕೊಂಡಿದ್ದರೆ ಎಳೆದು ಬಿಡಿಸಬಾರದು. ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಹಾಕಿ ಅಂಟಿಸುವುದಂತೂ ಕೂಡದು. ಗರಿಗಳ ಕ್ರಮ ತಪ್ಪಿದ್ದರೂ ನೀವೇ ಸರಿಮಾಡಲು ಹೋಗದೆ ಇದ್ದಂತೆ ಇಟ್ಟು, ಉದ್ದ ಅಗಲ, ಗರಿಗಳ ಎಣಿಕೆ, ತೂತುಗಳ ಎಣಿಕೆ, ಎಡ ಅಂಚಿನ ಅಂಕಿ ಇವನ್ನು ಒಂದು ಕಾಗದದಲ್ಲಿ ಬರೆದಿಡಿ. ಇಷ್ಟನ್ನು ಎಂಟನೆಯ ತರಗತಿಯ ವಿದ್ಯಾರ್ಥಿಯೂ ಅಡಿಪಟ್ಟಿ ಹಿಡಿದು ಮಾಡಬಲ್ಲ. ಓದಿ ಹೇಳುವವರು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿಯೂ, ಚೆನ್ನೈಯ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿಯೂ ದೊರೆಯುತ್ತಾರೆ. ಚೆನ್ನೈಯದರಲ್ಲಿ ತಮಿಳಿನ ಜೊತೆಗೆ ಕನ್ನಡದ ಓಲೆಗಳೂ ಇವೆ.

ಇನ್ನೊಂದು ಮಾತು. ಕಟ್ಟಿನಲ್ಲಿ ಏನೂ ಬರೆಯದ ಬರಿಯ ಗರಿಗಳಿವೆಯೆಂದು ತೋರಿದರೆ ಅವನ್ನು ಬೇರೆ ಮಾಡಿ ಎಸೆಯಬೇಡಿ. ಕಂಟದಿಂದ ಕೊರೆದು ಕಾಡಿಗೆ ಬಳಿಯದೆ ಬಿಟ್ಟ ಗರಿ, ಅಥವಾ ಕಾಡಿಗೆ ಉದುರಿಹೋದ ಗರಿ, ನೇರ ಬೆಳಕಿನಲ್ಲಿ ಖಾಲಿಯಾಗಿಯೇ ಕಾಣುತ್ತದೆ. ಕಿಟಕಿಯ ಹತ್ತಿರ ಹೋಗಿ, ಬೆಳಕು ಪಕ್ಕದಿಂದ ಬೀಳುವ ಹಾಗೆ ಗರಿಯನ್ನು ತುಸು ಓರೆಯಾಗಿ ಹಿಡಿದು ನೋಡಿ. ಗೀರುಗಳ ನೆರಳು ಎದ್ದು, ಸಾಲು ಸಾಲಾಗಿ ಅಕ್ಷರಗಳು ಕಾಣತೊಡಗುತ್ತವೆ.